ಎರಿ ಹೊಲದಾಗ ಮನಿ: ಪಾಯ ಎಷ್ಟು ತಗ್ಗ ಇರಬೇಕು?

ನವಲಗುಂದದ ಹೊರಗಿನ ಸೈಟು ಇದು. ಸುತ್ತ ಎಲ್ಲಿ ನೋಡಿದರೂ ಕರಿ ಎರೆ, ಅಂದರೆ ಕಪ್ಪು ಜೇಡಿಮಣ್ಣು. ಕಡಲೆಗೆ, ಹತ್ತಿಗೆ, ಬಿಳಿಜೋಳಕ್ಕೆ ಇಂಥ ನೆಲ ಸಿಗೋದು ಪುಣ್ಯ. ಮನೆ ಕಟ್ಟೋರಿಗೆ ಮಾತ್ರ ಇಷ್ಟು ತಂಟೆಯ ನೆಲ ಇನ್ನೊಂದಿಲ್ಲ. ಬೇಸಿಗೆ ಅಲ್ವಾ, ನೆಲ ಬಾಯಿ ಬಿಟ್ಟಿದೆ. ನೋಡಿ, ಈ ಬಿರುಕಿನೊಳಗೆ ಅಳತೆ ಕೋಲು ಎಷ್ಟು ಕೆಳಗೆ ಹೋಯ್ತು ಅಂತ. ಕೈ ಹಾಕೋಕೆ ಹೋಗಬೇಡಿ, ಒಳಗೆ ಚೇಳಿರುತ್ತೆ.

ನಮ್ಮ ಕಾಕಾ ಇಲ್ಲಿ ಒಂದಂತಸ್ತಿನ ಮನೆ ಕಟ್ಟಿಸ್ತಿದ್ದಾರೆ. ಜಗಳ ಹತ್ತಿದ್ದು ಪಾಯದ ಮೇಲೆ. ಗೌಂಡಿ ಅಂದದ್ದು, "ಐದ ಫೂಟ ತಗ್ಗ ತಗದು, ಬೆಡ್ ಹಾಕಿ ಕಾಲಂ ಎಬ್ಬಸೂಣ್ರಿ ಸಾವಕಾರ್ರ. ಸಣ್ಣ ಮನಿಗೆ ಇನ್ನೆಷ್ಟ ಬೇಕ್ರಿ?" ಬೆಡ್ ಅಂದರೆ ಗುಂಡಿಯ ತಳದಲ್ಲಿ ಹಾಕೋ ಕಾಂಕ್ರೀಟ್ ಹಾಸು. ಎಂಜಿನಿಯರ್ ಅಂದದ್ದು, ಪೈಲ್ ಹಾಕಿ, ಅಂದರೆ ನೆಲದಾಳಕ್ಕೆ ಇಳಿಯೋ ಕಾಂಕ್ರೀಟ್ ಕಂಬ. ಕಾಕಾ ನನ್ನ ಕಡೆ ತಿರುಗಿ, "ತಮ್ಮಾ, ಪೈಲ್ ಅಂದ್ರ ಬ್ರಿಜ್ಜಿಗೆ ಹಾಕೂದಲ್ಲೇನೋ?" ಅಂದ್ರು.

ಸಣ್ಣ ಮನೆಗೆ ಸಣ್ಣ ಪಾಯ ಅನ್ನೋ ಲೆಕ್ಕ ಮಸಾರಿಯಲ್ಲಿ, ಅಂದರೆ ಕೆಂಪು ಮಣ್ಣಲ್ಲಿ, ನಡೆಯುತ್ತೆ. ಎರೆಯಲ್ಲಿ ಅದೇ ಲೆಕ್ಕ ತಲೆಕೆಳಗು. ಬೇರೆ ಮಣ್ಣಲ್ಲಿ ಮನೆ ಕುಸಿದೀತು ಅಂತ ಭಯ. ಇಲ್ಲಿ ಕುಸಿಯೋದರ ಜೊತೆಗೆ ಮಣ್ಣು ಮನೆಯನ್ನೇ ಎತ್ತುತ್ತೆ. ಮಾಂಟ್‌ಮೊರಿಲೊನೈಟ್ ಅನ್ನೋ ಜೇಡಿ ಖನಿಜದ ತೆಳು ಪದರಗಳ ನಡುವೆ ನೀರು ಹೊಕ್ಕು, ಪದರ ಪದರವೂ ದೂರ ಸರಿಯುತ್ತೆ. ಆಗ ಹುಟ್ಟುವ ಒತ್ತಡ ಚದರ ಮೀಟರಿಗೆ ಹತ್ತು ಟನ್ ದಾಟೋದು ಅಪರೂಪವೇನಲ್ಲ. ನಾಲ್ಕಂತಸ್ತಿನ ಕಟ್ಟಡ ತನ್ನ ಭಾರದಿಂದ ಅದನ್ನ ಒಂದಷ್ಟು ಅದುಮಿ ಹಿಡಿಯುತ್ತೆ. ಒಂದಂತಸ್ತಿನ ಮನೆಗೆ ಆ ಭಾರ ಎಲ್ಲಿಂದ ಬರಬೇಕು? ಈ ಊರುಗಳಲ್ಲಿ ಮೊದಲು ಸೀಳೋದು ಕಂಪೌಂಡ್ ಗೋಡೆ, ಯಾಕಂದ್ರೆ ಅದೇ ಎಲ್ಲಕ್ಕಿಂತ ಹಗುರ.

ಇನ್ನೊಂದು ಮಾತು. ಮನೆ ಇಡಿಯಾಗಿ ಎರಡು ಇಂಚು ಎದ್ದು ಇಳಿದರೆ ಗೋಡೆಗೆ ಏನೂ ಆಗಲ್ಲ. ಆದರೆ ಹಾಗೆ ಆಗೋದೇ ಇಲ್ಲ. ಬಚ್ಚಲಿನ ಮೂಲೆ ಸದಾ ಹಸಿ, ಬಿಸಿಲು ಬೀಳುವ ಪಡುವಣ ಗೋಡೆಯ ಬುಡ ಒಣ, ಬೇವಿನ ಮರ ಇದ್ದರೆ ಅದು ಹೀರಿ ಇನ್ನೂ ಒಣ. ಒಂದು ಮೂಲೆ ಏಳುತ್ತೆ, ಇನ್ನೊಂದು ಇಳಿಯುತ್ತೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಡುವ ಬಿರುಕು ಹುಟ್ಟೋದು ಹೀಗೆ.

ಹಾಗಾಗಿ ನಾವು ಮೊದಲು ಕೇಳಬೇಕಾದ್ದು ಬೆಡ್ಡಾ ಪೈಲಾ ಅಂತ ಅಲ್ಲ. ಎರೆ ಎಷ್ಟು ಆಳ ಇದೆ, ಎಷ್ಟು ಉಬ್ಬುತ್ತೆ ಅಂತ.

ಉಬ್ಬೋದನ್ನ ಅಳೆಯೋ ಪರೀಕ್ಷೆ ನನಗೆ ಬಹಳ ಇಷ್ಟವಾಯ್ತು. ಎರಡು ಗಾಜಿನ ಅಳತೆ ಜಾಡಿ. ಎರಡಕ್ಕೂ ಒಣಗಿಸಿ ಜರಡಿ ಹಿಡಿದ ಹತ್ತು ಹತ್ತು ಗ್ರಾಂ ಮಣ್ಣು. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಸೀಮೆಎಣ್ಣೆಗೆ ಈ ಮಣ್ಣು ಉಬ್ಬಲ್ಲ. 24 ಗಂಟೆ ಬಿಟ್ಟು ನೋಡಿದರೆ ಸೀಮೆಎಣ್ಣೆಯಲ್ಲಿ ಮಣ್ಣು 12 ಮಿಲಿಲೀಟರ್ ಗುರುತಿನಲ್ಲೇ ಕೂತಿತ್ತು, ನೀರಿನಲ್ಲಿ 26ಕ್ಕೆ ಏರಿತ್ತು. ವ್ಯತ್ಯಾಸ 14, ಅದನ್ನ 12ರಿಂದ ಭಾಗಿಸಿದರೆ ಸುಮಾರು 117 ಪರ್ಸೆಂಟ್. ಭಾರತೀಯ ಮಾನಕ ಐಎಸ್ 1498ರ ಪ್ರಕಾರ ನೂರರಿಂದ ಇನ್ನೂರರ ನಡುವೆ ಇದ್ದರೆ ಹೆಚ್ಚು ಉಬ್ಬುವ ಮಣ್ಣು.

ಆಳ ತಿಳಿಯೋಕೆ ಗುಂಡಿ ತೋಡಿಸಿದ್ವಿ. ಇಲ್ಲಿ ಸ್ವಲ್ಪ ಹತ್ತಿರದಿಂದ ತೋರಿಸ್ತೀನಿ. ಆರು ಅಡಿಯಲ್ಲಿ ಸಿಕ್ಕ ಹೆಂಟೆ ಇದು. ಕೈಯಲ್ಲಿ ಒಡೆದರೆ ಒಳಗಿನ ಮುಖ ಎಣ್ಣೆ ಸವರಿದ ಹಾಗೆ ಮಿನುಗುತ್ತೆ, ಮೇಲೆ ಸಣ್ಣ ಗೀರುಗಳು. ವರ್ಷಾವರ್ಷ ಉಬ್ಬಿ ಕುಗ್ಗುವಾಗ ಮಣ್ಣಿನ ತುಂಡುಗಳು ಒಂದರ ಮೇಲೊಂದು ಜಾರಿ, ಉಜ್ಜಿ ಆದ ಹೊಳಪು. ಅಂದರೆ ಗೌಂಡಿ ಬೆಡ್ ಹಾಕೋಣ ಅಂದ ಮಟ್ಟದ ಕೆಳಗೂ ನೆಲ ಅಲುಗಾಡ್ತಾ ಇದೆ. ನೆಲ ಕೊರೆಯೋ ಆಗರ್ ಇಳಿಸಿದಾಗ ಹನ್ನೆರಡು ಅಡಿ ದಾಟಿದ ಮೇಲಷ್ಟೇ ಬಣ್ಣ ತಿಳಿಯಾಗಿ, ಸುಣ್ಣದ ಹರಳು ಕಾಣಿಸಿ, ಆಮೇಲೆ ಗಟ್ಟಿ ಹಳದಿ ಗರಸು (ಮೊರಂ ಮಣ್ಣು) ಸಿಕ್ಕಿತು.

ನಾಲ್ಕೈದು ಅಡಿಗೇ ಗರಸು ಸಿಕ್ಕಿದ್ದರೆ ನಾನೇ ಗೌಂಡಿ ಪರ ನಿಲ್ತಿದ್ದೆ. ಎರೆ ಪೂರ್ತಿ ತೆಗೆದು ಗರಸಿನ ಮೇಲೆ ಬೆಡ್ ಹಾಕೋದೇ ಸರಿ. ಅಂಥ ಕಡೆ ಪೈಲ್ ಅಂದರೆ ಬರೀ ದುಡ್ಡು ದಂಡ. ಇವೆರಡರ ನಡುವೆ ಇನ್ನೊಂದು ದಾರಿಯೂ ಇದೆ: ಒಂದು ಮೀಟರಿನಷ್ಟು ಎರೆ ತೆಗೆದು, ಉಬ್ಬದ ಆದರೆ ಜಿಗುಟಿರುವ ಗರಸು ಮಣ್ಣನ್ನ ಪದರ ಪದರವಾಗಿ ದಮ್ಮಸು ಮಾಡಿ ತುಂಬೋದು. ಐಐಟಿ ಬಾಂಬೆಯ ಪ್ರೊಫೆಸರ್ ಆರ್. ಕೆ. ಕಟ್ಟಿ ಅವರ ಸಂಶೋಧನೆಯಿಂದ ಬಂದ ಪದ್ಧತಿ ಇದು, ಕಾಲುವೆಗಳಿಗೂ ಬಳಸ್ತಾರೆ. ಜನ ಗರಸಿನ ಬದಲು ಉಸುಕು ತುಂಬಿಬಿಡ್ತಾರೆ. ಉಸುಕಿನಲ್ಲಿ ನೀರು ನಿಂತು, ಕೆಳಗಿನ ಎರೆಗೆ ವರ್ಷಪೂರ್ತಿ ಕುಡಿಸುತ್ತೆ.

ನಮ್ಮದು ಹನ್ನೆರಡು ಅಡಿ ಮೀರಿದ ಎರೆ, ಹಗುರ ಮನೆ. ಪೈಲೇ ಸೈ. ಬ್ರಿಜ್ಜಿನ ಪೈಲ್ ಅಲ್ಲ, ಅಂಡರ್-ರೀಮ್ಡ್ ಪೈಲ್. ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆಯವರು 1950ರ ದಶಕದಲ್ಲಿ ನಮ್ಮ ದೇಶದ ಎರೆ ನೆಲಕ್ಕೆ ಹೊಂದುವ ಹಾಗೆ ಬೆಳೆಸಿದ್ದು. ದೊಡ್ಡ ಯಂತ್ರ ಬೇಡ. ಮುಕ್ಕಾಲಿ ನಿಲ್ಲಿಸಿ ಆಳುಗಳೇ ಆಗರ್ ತಿರುಗಿಸ್ತಿದ್ದಾರೆ ನೋಡಿ. ಬೇಕಾದ ಆಳ ಸಿಕ್ಕ ಮೇಲೆ ಈ ಬಕೆಟ್ ಇರೋ ಸಾಧನ ಇಳಿಸ್ತಾರೆ. ಒತ್ತಿ ತಿರುಗಿಸಿದಾಗ ಅದರ ಅಲಗುಗಳು ಹೊರಗೆ ಚಾಚಿ, ತೂತಿನ ತಳವನ್ನ ಸುತ್ತ ಕೆರೆದು ಅಗಲ ಮಾಡ್ತವೆ. ಮೇಲೆ 300 ಮಿಲಿಮೀಟರ್ ವ್ಯಾಸದ ಕಂಬ, ತಳದಲ್ಲಿ ಅದರ ಎರಡೂವರೆ ಪಟ್ಟು, 750 ಮಿಲಿಮೀಟರಿನ ಬಲ್ಬ್. ಆಳವಾದ ಎರೆಯಲ್ಲಿ ಕನಿಷ್ಠ ಮೂರೂವರೆ ಮೀಟರ್ ಇಳಿಸಬೇಕು ಅಂತ ಐಎಸ್ 2911 ಹೇಳುತ್ತೆ; ನಾವು ಗರಸಿನವರೆಗೂ ಇಳಿಸಿದ್ವಿ.

ಈ ಬಲ್ಬ್ ಮನೆಯ ಭಾರ ಹೊರುತ್ತೆ ಅನ್ನೋದು ಅರ್ಧ ಮಾತು. ಮೇಲಿನ ಎರೆ ಉಬ್ಬುವಾಗ ಕಂಬವನ್ನ ಅಪ್ಪಿ ಹಿಡಿದು ಮೇಲಕ್ಕೆ ಜಗ್ಗುತ್ತೆ. ಆಗ ಬಲ್ಬ್ ಅಲುಗದ ನೆಲದಲ್ಲಿ ಸಿಕ್ಕಿಕೊಂಡು ಕಂಬವನ್ನ ಬಿಗಿಹಿಡಿಯುತ್ತೆ. ಜಗ್ಗಾಟ ಇರೋದರಿಂದಲೇ ಕಂಬಿ ತಳದವರೆಗೂ ಹೋಗಬೇಕು. "ಅರ್ಧಕ್ಕ ನಿಲ್ಲಸಿದ್ರ ಸಾಕಾಗಂಗಿಲ್ಲೇನ್ರಿ?" ಅಂದ ಗೌಂಡಿಗೆ ಎಂಜಿನಿಯರ್ ಕಟ್ಟುನಿಟ್ಟಾಗಿ ಬೇಡ ಅಂದ್ರು.

ಪೈಲ್‌ಗಳ ತಲೆ ಜೋಡಿಸುವ ಪ್ಲಿಂತ್ ಬೀಮ್ ಇದು. ಬಗ್ಗಿ ನೋಡಿ, ಬೀಮಿನ ಅಡಿಗೆ ಖಾಲಿ ಇದೆ. ಎರೆಯಲ್ಲಿ ಕನಿಷ್ಠ 80 ಮಿಲಿಮೀಟರ್ ಸಂದು ಬಿಡಲೇಬೇಕು, ಮಣ್ಣು ಉಬ್ಬಿದರೆ ಆ ಜಾಗಕ್ಕೆ ಬರಲಿ ಅಂತ. ನಾವು ಊಟಕ್ಕೆ ಹೋಗಿ ಬರೋದರೊಳಗೆ ಒಬ್ಬ ಆಳು ನಿಷ್ಠೆಯಿಂದ ಒಂದು ಬದಿಯ ಸಂದಿಗೆ ಮಣ್ಣು ತುರುಕಿ ಚಂದ ಮಾಡಿದ್ದ! ಎಲ್ಲ ಕೆದರಿ ತೆಗೆಸಿದ್ವಿ. ಆ ಸಂದು ಮುಚ್ಚಿದರೆ ಪೈಲ್‌ಗೆ ಸುರಿದ ದುಡ್ಡು ಹೋಯ್ತು ಅಂತಲೇ, ಮಣ್ಣು ನೇರ ಬೀಮಿಗೇ ಒದೆಯುತ್ತೆ.

ಒಳಗಿನ ನೆಲ ಇನ್ನೂ ತೀರ್ಮಾನ ಆಗಿಲ್ಲ. ಗೋಡೆ ಪೈಲ್ ಮೇಲೆ ನಿಂತರೂ ಟೈಲ್ಸ್ ಎರೆಯ ಮೇಲೇ ಕೂತರೆ ನಡುಮನೆಯ ನೆಲ ಉಬ್ಬಿ ಏಳುತ್ತೆ. ಎಂಜಿನಿಯರ್‌ಗೆ ಬೀಮಿಂದ ಬೀಮಿಗೆ ಸ್ಲ್ಯಾಬ್ ಬೇಕು, ಕಾಕಾಗೆ ಗರಸು ತುಂಬಿ ಮುಗಿಸಬೇಕು. ಮನೆ ಸುತ್ತ ನೀರು ಇಂಗದ ಹಾಗೆ ಕಾಂಕ್ರೀಟ್ ಅಂಚು, ಬಚ್ಚಲ ಪೈಪನ್ನ ಗೋಡೆಯಿಂದ ದೂರ ಒಯ್ಯೋದು, ಇವೆರಡಕ್ಕೆ ಇಬ್ಬರೂ ಹೂಂ ಅಂದಿದ್ದಾರೆ. ಸ್ಲ್ಯಾಬ್‌ನ ಖರ್ಚು ಲೆಕ್ಕ ನಾಳೆ ಬರುತ್ತೆ, ಅದನ್ನ ಮುಂದಿನ ವಿಡಿಯೊದಲ್ಲಿ ಹಾಕ್ತೀನಿ.