ಜಾನ್ ಕೇಲ್ ಕಂಡ ಪ್ಯಾರಿಸ್

ಕೇಳುಗರಿಗೆ ನಮಸ್ಕಾರ. ಕರ್ಕಶ ಸಂಗೀತಕ್ಕೇ ಹೆಸರಾದ ಒಬ್ಬರು ಒಮ್ಮೆ ತುಂಬಾ ಇಂಪಾದ ಆಲ್ಬಂ ಮಾಡಿದರು. ಅದರೊಳಗೆ ಯೂರೋಪಿನ ಚರಿತ್ರೆಯನ್ನು ಇಟ್ಟರು. ಇವತ್ತು ಅದರ ಬಗ್ಗೆ ಮಾತಾಡೋಣ.

ಜಾನ್ ಕೇಲ್ ಹುಟ್ಟಿದ್ದು 1942ರಲ್ಲಿ, ವೇಲ್ಸ್‌ನ ಗಾರ್ನಂಟ್ ಎಂಬ ಊರಿನಲ್ಲಿ. ಅಪ್ಪ ಕಲ್ಲಿದ್ದಲು ಗಣಿಯ ಕೆಲಸಗಾರ, ಅಮ್ಮ ಟೀಚರ್. ಮನೆಮಾತು ವೆಲ್ಷ್. ಇಂಗ್ಲಿಷ್ ಬಂದದ್ದು ಶಾಲೆಗೆ ಹೋದ ಮೇಲೆ. ಕೈಗೆ ಹತ್ತಿದ ವಾದ್ಯ ವಯೋಲ, ಅಂದರೆ ಪಿಟೀಲಿಗಿಂತ ಸ್ವಲ್ಪ ದೊಡ್ಡದಾದ ತಂತಿವಾದ್ಯ. 1963ರಲ್ಲಿ ಅಮೆರಿಕಕ್ಕೆ ಹೋದರು. ನ್ಯೂಯಾರ್ಕಿನಲ್ಲಿ ಸಂಗೀತ ಸಂಯೋಜಕ ಲಾ ಮಾಂಟ್ ಯಂಗ್ ಜೊತೆ ಸೇರಿ, ಒಂದೇ ಸ್ವರವನ್ನು ತುಂಬಾ ಹೊತ್ತು ಹಿಡಿದು ನುಡಿಸುವ ಪ್ರಯೋಗ ನಡೆಸಿದರು. ಹಾಡುಗಾರನನ್ನು ಮನೆಗೆ ಕಳಿಸಿ, ಬರೀ ತಂಬೂರಿಯನ್ನು ಲೌಡ್‌ಸ್ಪೀಕರ್‌ಗೆ ಹಾಕಿದ ಹಾಗೆ! ಆಮೇಲೆ ಹಾಡುಗಾರ ಲೂ ರೀಡ್ ಜೊತೆ ಕಟ್ಟಿದ ರಾಕ್ ತಂಡ, ವೆಲ್ವೆಟ್ ಅಂಡರ್‌ಗ್ರೌಂಡ್. ಅಲ್ಲಿ ಇವರ ವಯೋಲ ಹಾಡಿದ್ದಕ್ಕಿಂತ ಕಿರುಚಿದ್ದೇ ಜಾಸ್ತಿ. 1968ರಲ್ಲಿ ಆ ತಂಡದಿಂದ ಹೊರಬಿದ್ದರು.

ಇಂಥವರಿಂದ 1973ರಲ್ಲಿ ಬಂತು 'ಪ್ಯಾರಿಸ್ 1919'. ಒಂಬತ್ತು ಹಾಡು, ಎಲ್ಲ ಸೇರಿ ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿ. ರೆಕಾರ್ಡ್ ಆದದ್ದು ಲಾಸ್ ಏಂಜಲೀಸ್‌ನಲ್ಲಿ. ನಿರ್ಮಾಪಕರು ಕ್ರಿಸ್ ಥಾಮಸ್. ಲಿಟಲ್ ಫೀಟ್ ತಂಡದ ಲೋವೆಲ್ ಜಾರ್ಜ್ ಗಿಟಾರ್ ನುಡಿಸಿದರು, ರಿಚಿ ಹೇವರ್ಡ್ ಡ್ರಮ್ಸ್. ಜೊತೆಗೆ ಅಲ್ಲಿನ ವಿಶ್ವವಿದ್ಯಾಲಯದ ಆರ್ಕೆಸ್ಟ್ರಾ.

1919 ಯಾಕೆ? ಮೊದಲ ಮಹಾಯುದ್ಧ ಗೆದ್ದವರು ಆ ಜನವರಿಯಲ್ಲಿ ಪ್ಯಾರಿಸ್‌ನಲ್ಲಿ ಸೇರಿದ್ದರು. ಅಮೆರಿಕದ ಅಧ್ಯಕ್ಷ ವಿಲ್ಸನ್, ಫ್ರಾನ್ಸಿನ ಪ್ರಧಾನಿ ಕ್ಲೆಮೆನ್ಸೊ, ಬ್ರಿಟನ್ನಿನ ಪ್ರಧಾನಿ ಲಾಯ್ಡ್ ಜಾರ್ಜ್ ನಕ್ಷೆಗಳನ್ನು ಹರಡಿಕೊಂಡು ಗಡಿಗಳನ್ನು ತೀರ್ಮಾನಿಸಿದರು. ಜೂನ್ 28ರಂದು ವರ್ಸೇಲ್ಸ್ ಅರಮನೆಯ ಕನ್ನಡಿ ಸಭಾಂಗಣದಲ್ಲಿ ಜರ್ಮನಿಯ ಜೊತೆ ಒಪ್ಪಂದಕ್ಕೆ ಸಹಿ ಬಿತ್ತು. ಭಾರತದ ಪರವಾಗಿ ಸಹಿ ಹಾಕಿದವರಲ್ಲಿ ಬಿಕಾನೇರ್ ಮಹಾರಾಜ ಗಂಗಾ ಸಿಂಗ್ ಕೂಡ ಒಬ್ಬರು. ಇನ್ನೊಂದು ಮಾತು: ಕೇಲ್ ಹಾಗೆ ಲಾಯ್ಡ್ ಜಾರ್ಜ್ ಕೂಡ ಮನೆಯಲ್ಲಿ ವೆಲ್ಷ್ ಆಡುತ್ತಾ ಬೆಳೆದವರೇ. ಇಷ್ಟೆಲ್ಲ ಮಾಡಿದ ಶಾಂತಿ ಉಳಿದದ್ದು ಬರೀ 20 ವರ್ಷ. ಕೇಲ್ ಹುಟ್ಟುವ ಹೊತ್ತಿಗೆ ಎರಡನೇ ಯುದ್ಧ ನಡೀತಾ ಇತ್ತು.

ಆದರೆ ಈ ಆಲ್ಬಂ ಚರಿತ್ರೆಯ ಪಾಠ ಮಾಡುವುದಿಲ್ಲ. ಶೀರ್ಷಿಕೆ ಹಾಡಿನಲ್ಲಿ ಒಪ್ಪಂದದ ವಿವರ ಹುಡುಕಬೇಡಿ, ಸಿಗುವುದಿಲ್ಲ. ತಂತಿವಾದ್ಯಗಳು ಚುಟುಕು ಚುಟುಕಾಗಿ ತಾಳ ಹಾಕುತ್ತವೆ. ಕೇಲ್ ಒಂದು ದೆವ್ವವನ್ನು ಲಾಲಾಲಾ ಎಂದು ನಗುನಗುತ್ತಾ ಮಾತಾಡಿಸುತ್ತಾರೆ. ಈ ಸಿಹಿಯೇ ನನಗೆ ಭಯ ತರಿಸುತ್ತದೆ. ಕೋಟು ಬೂಟು ಹಾಕಿದ ದೊಡ್ಡವರು ತುಂಬಾ ಮರ್ಯಾದೆಯಿಂದ ಕೂತು ಮುಂದಿನ ಅನಾಹುತಕ್ಕೆ ಜಾಗ ಮಾಡಿಕೊಟ್ಟರಲ್ಲ, ಅದನ್ನು ಕಿರುಚಾಡಿ ಹೇಳಿದ್ದರೆ ಇಷ್ಟು ತಟ್ಟುತ್ತಿರಲಿಲ್ಲ. ಮಧ್ಯೆ 'ಮ್ಯಾಕ್‌ಬೆತ್' ಅಂತ ಒಂದು ಗದ್ದಲದ ರಾಕ್ ಹಾಡಿದೆ. ಅದು ಸುಮ್ನೆ ಬಂದು ಕೂತಂತಿದೆ, ನನಗೆ ಹಿಡಿಸಲಿಲ್ಲ.

ಮರುವರ್ಷವೇ ಬಂದ 'ಫಿಯರ್' ಆಲ್ಬಂನಲ್ಲಿ ಕೇಲ್ ಮತ್ತೆ ಒರಟು ದನಿಗೆ ಮರಳಿದರು. ಆದರೂ 'ಪ್ಯಾರಿಸ್ 1919' ಅವರನ್ನು ಬಿಡಲಿಲ್ಲ. 2009ರಲ್ಲಿ ವೇಲ್ಸ್‌ನ ಕಾರ್ಡಿಫ್‌ನಲ್ಲಿ ಆರ್ಕೆಸ್ಟ್ರಾ ಜೊತೆ ಇಡೀ ಆಲ್ಬಂ ಹಾಡಿದರು. ಹೊಸದಾಗಿ ಕೇಳುವವರು ಶೀರ್ಷಿಕೆ ಹಾಡಿನಿಂದ ಶುರು ಮಾಡಿ, ಆಮೇಲೆ 'ಆಂಡಲೂಸಿಯ' ಕೇಳಿ. ನಮಸ್ಕಾರ.