ಬಾಡಿಗೆ ಮನೆ, 1,000 ರೂಪಾಯಿ, ಮನೆ ತುಂಬ ಗಿಡ

ಎಲ್ಲರಿಗೂ ನಮಸ್ಕಾರ. ಸೀದಾ ವಿಷಯಕ್ಕೆ ಬರ್ತೀನಿ. ಗಿಡಕ್ಕೆ ಅಂತ ನಿಮ್ಮ ಹತ್ರ 1,000 ರೂಪಾಯಿ ಇದ್ರೆ, ಅದರಲ್ಲಿ ಗಿಡ ಕೊಳ್ಳೋಕೆ 300ಕ್ಕಿಂತ ಜಾಸ್ತಿ ಹಾಕಬೇಡಿ. ಮಿಕ್ಕಿದ್ದು ಮಣ್ಣಿಗೆ, ಗೊಬ್ಬರಕ್ಕೆ ಇಟ್ಕೊಳ್ಳಿ. ಗಿಡ ಕೇಳಿದ್ರೆ ಯಾರಾದ್ರೂ ಕೊಡ್ತಾರೆ. ಒಳ್ಳೆ ಮಣ್ಣನ್ನ ಮಾತ್ರ ಬೆಂಗಳೂರಲ್ಲಿ ಯಾರೂ ಪುಕ್ಕಟೆ ಕೊಡಲ್ಲ.

ಇದು ನಮ್ಮನೆ. ಕತ್ರಿಗುಪ್ಪೆ, ಮೊದಲನೇ ಮಹಡಿ, ಒಂದು ಬೆಡ್‌ರೂಮು. ಪೂರ್ವಕ್ಕೆ ಒಂದು ಕಿಟಕಿ. ಇನ್ನೊಂದು ಕಿಟಕಿ ತೆಗೆದ್ರೆ ಪಕ್ಕದ ಬಿಲ್ಡಿಂಗಿನ ಗೋಡೆ. ಹಾಗಾಗಿ ಗಿಡ ತರೋಕೆ ಮುಂಚೆ ನಾನು ಮಾಡಿದ್ದು ದುಡ್ಡಿಲ್ಲದ ಕೆಲಸ. ಮಧ್ಯಾಹ್ನದ ಹೊತ್ತು, ಗಿಡ ಇಡಬೇಕು ಅನ್ಕೊಂಡ ಜಾಗದಲ್ಲಿ ಕೈಯನ್ನ ಬೆಳಕಿಗೆ ಅಡ್ಡ ಹಿಡೀರಿ. ನೆರಳಿನ ಅಂಚು ಸ್ಪಷ್ಟವಾಗಿ ಕಂಡ್ರೆ ಬೆಳಕು ಚೆನ್ನಾಗಿದೆ. ಮಸುಕು ಮಸುಕಾಗಿದ್ರೆ ಮನಿ ಪ್ಲಾಂಟು, ಕತ್ತಿ ಥರ ನೆಟ್ಟಗೆ ನಿಲ್ಲೋ ಎಲೆಯ ಸ್ನೇಕ್ ಪ್ಲಾಂಟು ಹೇಗೋ ಬದುಕ್ಕೊಳ್ತವೆ. ನೆರಳೇ ಕಾಣ್ಲಿಲ್ವಾ? ಅಲ್ಲಿ ಫೋಟೋ ಇಡಿ. "ನೆರಳಲ್ಲೂ ಬರುತ್ತೆ ಮೇಡಂ" ಅಂತ ಮಾರ್ತಾರಲ್ಲ, ಆ ಗಿಡ ನೆರಳನ್ನ ಸಹಿಸ್ಕೊಳ್ಳುತ್ತೆ ಅಷ್ಟೆ, ಇಷ್ಟಪಡಲ್ಲ.

ಈಗ ಮನಿ ಪ್ಲಾಂಟಿಗೆ ಬರೋಣ. ಕದ್ದು ತಂದ್ರೇನೇ ಅದು ಹಬ್ಬೋದು ಅಂತ ಒಂದು ಮಾತಿದೆ. ನಾನು ಕೆಳಗಡೆ ಮನೆ ಓನರ್ ಆಂಟಿ ಹತ್ರ ಕೇಳೇ ತಂದೆ, ಚೆನ್ನಾಗೇ ಹಬ್ಬಿದೆ. "ಎಷ್ಟು ಬೇಕಾದ್ರೂ ಕತ್ತರಿಸ್ಕೋ ಹೋಗಮ್ಮ, ನನಗೂ ಮೆಟ್ಟಿಲು ಕಾಣ್ಲಿ" ಅಂದ್ರು.

ಕತ್ತರಿಸುವಾಗ ನೋಡಬೇಕಾದ್ದು ಎಲೆ ಅಲ್ಲ, ಗೆಣ್ಣು. ಕಬ್ಬಿಗೆ ಇರುತ್ತಲ್ಲ, ಅದೇ ಥರ ಬಳ್ಳಿಯಲ್ಲೂ ಎಲೆ ಸೇರೋ ಕಡೆ ಗೆಣ್ಣಿರುತ್ತೆ. ಹತ್ತಿರದಿಂದ ನೋಡಿ, ಅಲ್ಲೇ ಕಂದು ಬಣ್ಣದ ಮೊಟಕು ಬೇರು ಕಾಣುತ್ತೆ. ಹೊಸ ಚಿಗುರು ಬರೋದೂ ಅಲ್ಲಿಂದಾನೇ. ಬರೀ ಎಲೆ ಕಿತ್ತು ನೀರಿಗೆ ಹಾಕಿದ್ರೆ ಅದು ತಿಂಗಳುಗಟ್ಟಲೆ ಹಸಿರಾಗಿರಬಹುದು, ಬಳ್ಳಿ ಆಗಲ್ಲ. ಒಂದೊಂದು ಗೆಣ್ಣು, ಒಂದೊಂದು ಎಲೆ ಇರೋ ಹಾಗೆ ತುಂಡು ಮಾಡಿ, ಆರೇಳು ತುಂಡು ಒಂದೇ ಕುಂಡಕ್ಕೆ ನೆಡಿ. ಅಂಗಡಿಯ ಮನಿ ಪ್ಲಾಂಟು ದಟ್ಟವಾಗಿ ಕಾಣೋದಕ್ಕೂ ಇದೇ ಕಾರಣ: ಅದು ಒಂದು ಗಿಡ ಅಲ್ಲ, ಒಂದು ಗುಂಪು. ಮುಂಗಾರು ಶುರುವಾದ ಮೇಲೆ ನೆಟ್ರೆ ಬೇರು ಬೇಗ ಬರುತ್ತೆ. ಡಿಸೆಂಬರ್ ಚಳಿಯಲ್ಲಿ ಅದೇ ಕಡ್ಡಿ ಸುಮ್ನೆ ಕೂತಿರುತ್ತೆ.

ಇನ್ನೊಂದು ವಿಷಯ, ಮಂಗಳೂರು ಕಡೆ ಹೋದವರು ನೋಡಿರ್ತೀರ. ಮರಕ್ಕೆ ಹತ್ತಿದ ಮನಿ ಪ್ಲಾಂಟಿನ ಎಲೆ ಮೊರದಷ್ಟು ಅಗಲ ಇರುತ್ತೆ. ಅದು ಬೇರೆ ಜಾತಿ ಅಲ್ಲ, ಇದೇನೇ. ಮೇಲಕ್ಕೆ ಹತ್ತಿಸಿದ್ರೆ ಎಲೆ ದೊಡ್ಡದಾಗ್ತಾ ಹೋಗುತ್ತೆ, ಇಳಿಬಿಟ್ರೆ ಚಿಕ್ಕದಾಗೇ ಇರುತ್ತೆ. ಮನೇಲಿ ಅಷ್ಟು ದೊಡ್ಡದಾಗಲ್ಲ ಬಿಡಿ. ಆದ್ರೂ ಒಂದು ಹಳೇ ಪೈಪಿಗೆ ತೆಂಗಿನ ನಾರು ಸುತ್ತಿ ನಿಲ್ಲಿಸಿದ್ದೀನಿ, ನೋಡೋಣ.

ದುಡ್ಡು ಕೊಟ್ಟು ತಂದಿದ್ದು ಎರಡೇ. ಲಾಲ್‌ಬಾಗ್ ಹತ್ರ ಸಿದ್ದಾಪುರದ ಕಡೆ ನರ್ಸರಿಗಳಿವೆ, ಅಲ್ಲಿಂದ. ಜನವರಿ, ಆಗಸ್ಟ್ ಫ್ಲವರ್ ಶೋ ದಿನಗಳಲ್ಲಿ ಆ ಕಡೆ ಹೋಗಬೇಡಿ, ಕಾಲಿಡೋಕೆ ಜಾಗ ಇರಲ್ಲ. ಪಿಂಗಾಣಿ ಕುಂಡದಲ್ಲಿ ನಿಲ್ಲಿಸಿರೋದನ್ನ ಬಿಟ್ಟು, ಹಿಂದೆ ಕಪ್ಪು ಕವರಲ್ಲಿ ಇಟ್ಟಿರ್ತಾರಲ್ಲ, ಅದನ್ನ ಕೇಳಿ. ಎತ್ತರ ನೋಡಬೇಡಿ, ಬುಡ ಎಣಿಸಿ. ನಾನು ತಂದ ಸ್ನೇಕ್ ಪ್ಲಾಂಟಿನ ಕವರಲ್ಲಿ ನಾಲ್ಕು ಬುಡ ಇತ್ತು. ಬಿಡಿಸಿ ನೆಟ್ಟೆ, ನಾಲ್ಕು ಗಿಡ ಆಯ್ತು. ಸ್ಪೈಡರ್ ಪ್ಲಾಂಟೂ ಹಾಗೇ, ಆಮೇಲೆ ಅದೇ ದಾರ ಬಿಟ್ಟು ಮರಿ ತೂಗು ಹಾಕುತ್ತೆ.

ಸ್ನೇಕ್ ಪ್ಲಾಂಟಿನ ಎಲೆಯನ್ನ ತುಂಡು ಮಾಡಿ ನೆಟ್ರೂ ಬರುತ್ತೆ, ನಿಜ. ಆದ್ರೆ ಹಳದಿ ಅಂಚಿರೋ ಜಾತಿ ಆದ್ರೆ, ಎಲೆಯಿಂದ ಹುಟ್ಟೋ ಮರಿಗೆ ಆ ಅಂಚು ಬರಲ್ಲ, ಬರೀ ಹಸಿರು. ಹಳದಿ ಬೇಕಂದ್ರೆ ಗೆಡ್ಡೆ ಸಮೇತ ಬಿಡಿಸಿ ನೆಡಬೇಕು.

ಅಲ್ಲೇ ಒಂದು ಗಿಡಕ್ಕೆ "ಏರ್ ಪ್ಯೂರಿಫೈಯರ್" ಅಂತ ಚೀಟಿ ಅಂಟಿಸಿ ರೇಟು ಏರಿಸಿದ್ರು. ಈ ಮಾತು ಹುಟ್ಟಿದ್ದು 1989ರಲ್ಲಿ ನಾಸಾ ಮಾಡಿದ ಪ್ರಯೋಗದಿಂದ. ಅದು ನಡೆದಿದ್ದು ಗಾಳಿ ಆಡದ, ಮುಚ್ಚಿದ ಪೆಟ್ಟಿಗೆಯೊಳಗೆ. 2019ರಲ್ಲಿ ಇಂಥ ಪ್ರಯೋಗಗಳನ್ನೆಲ್ಲ ಮತ್ತೆ ಲೆಕ್ಕ ಹಾಕಿ ನೋಡಿದ್ರು. ಕಟ್ಟಡದಲ್ಲಿ ಸಹಜವಾಗಿ ಗಾಳಿ ಆಡಿ ಆಗೋ ಕೆಲಸವನ್ನ ಗಿಡ ಮಾಡಬೇಕಂದ್ರೆ ಒಂದು ಚದರ ಮೀಟರಿಗೆ 10ರಿಂದ 1,000 ಗಿಡ ಬೇಕು ಅಂತ ಬಂತು. ನಾವು ಮಲಗೋದೆಲ್ಲಿ? ಕಿಟಕಿ ತೆಗೀರಿ, ಆ ಚೀಟಿಗೆ ದುಡ್ಡು ಕೊಡಬೇಡಿ.

ಕುಂಡಕ್ಕೆ ನಾನು ಒಂದು ರೂಪಾಯೂ ಹಾಕಿಲ್ಲ. ಐಸ್‌ಕ್ರೀಂ ಡಬ್ಬ, ಐದು ಲೀಟರ್ ಎಣ್ಣೆ ಕ್ಯಾನು, ಪೇಂಟ್ ಬಕೆಟ್ಟು. ಮೊಳೆ ಕಾಯಿಸಿ ತಳಕ್ಕೆ ತೂತು ಮಾಡಿದೆ. ಮಣ್ಣು ಮಾತ್ರ ಸರಿಯಾಗಿರಬೇಕು. ನಮ್ಮೂರ ಕೆಂಪು ಮಣ್ಣನ್ನ ಹಾಗೇ ತುಂಬಿದ್ರೆ ಕುಂಡದೊಳಗೆ ಇಟ್ಟಿಗೆ ಥರ ಗಟ್ಟಿ ಆಗುತ್ತೆ. ಎರಡು ಪಾಲು ಮಣ್ಣಿಗೆ ಒಂದು ಪಾಲು ಕೋಕೋಪೀಟು (ತೆಂಗಿನ ನಾರಿನ ಪುಡಿ), ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ಕೋಕೋಪೀಟಲ್ಲಿ ಉಪ್ಪಿನಂಶ ಇರುತ್ತೆ, ನೆನೆಸಿ, ಹಿಂಡಿ, ಆ ನೀರು ಚೆಲ್ಲಿ.

ನೀರಿನ ವಿಷಯ. 2024ರ ಮಾರ್ಚಲ್ಲಿ ಜಲಮಂಡಳಿ, ಕುಡಿಯೋ ನೀರನ್ನ ಗಿಡಕ್ಕೆ ಹಾಕಿದ್ರೆ 5,000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿದ್ದು ನೆನಪಿದೆಯಲ್ಲ? ಆಗಿಂದ ನಮ್ಮನೇಲಿ ಅಕ್ಕಿ ತೊಳೆದ ನೀರು ಗಿಡಕ್ಕೇ. ಅವತ್ತಿಂದು ಅವತ್ತೇ ಹಾಕಿ, ನಾಳೆಗಿಟ್ರೆ ನಾರುತ್ತೆ. ಬೆರಳು ಮಣ್ಣಿಗಿಳಿಸಿ ನೋಡಿ, ಒಳಗೂ ಒಣಗಿದ್ರೆ ಮಾತ್ರ ಹಾಕಿ.

ಬಾಟಲಿ ನೀರಲ್ಲಿ ಮನಿ ಪ್ಲಾಂಟ್ ಇಡೋರು ಇದನ್ನ ಸ್ಕಿಪ್ ಮಾಡಬೇಡಿ. ಡೆಂಗ್ಯೂ ಸೊಳ್ಳೆ ಮೊಟ್ಟೆ ಇಡೋದು ಇಂಥ ತಿಳಿ ನೀರಲ್ಲೇ. 2024ರಲ್ಲಿ ಸರ್ಕಾರ ಡೆಂಗ್ಯೂವನ್ನ ಸಾಂಕ್ರಾಮಿಕ ರೋಗ ಅಂತ ಘೋಷಿಸಿದ ಮೇಲೆ ನಾನು ಶೋಕೇಸಿನ ಬಾಟಲಿಗಳನ್ನೆಲ್ಲ ಮಣ್ಣಿಗೆ ಬದಲಾಯಿಸಿದೆ. ಇಡಲೇಬೇಕು ಅಂದ್ರೆ ವಾರಕ್ಕೊಮ್ಮೆ ನೀರು ಚೆಲ್ಲಿ, ಒಳಗೋಡೆ ಉಜ್ಜಿ ತೊಳೀರಿ, ಮೊಟ್ಟೆ ಅಂಟಿಕೊಂಡಿರೋದು ಅಲ್ಲೇ. ಹಾಗೇ, ಮನಿ ಪ್ಲಾಂಟಿನ ಎಲೆ ಅಗಿದ್ರೆ ಬಾಯಿ ಉರಿಯುತ್ತೆ, ಅಂಬೆಗಾಲಿಡೋ ಮಗು ಅಥವಾ ಬೆಕ್ಕಿದ್ರೆ ಎತ್ತರದಲ್ಲಿಡಿ.

ಲೆಕ್ಕ ಹೇಳಿಬಿಡ್ತೀನಿ. ಗಿಡಕ್ಕೆ 260. ಮಣ್ಣು, ಗೊಬ್ಬರ 250. ಕೋಕೋಪೀಟು 60. ಮೂಟೆ ಹೊತ್ಕೊಂಡು ಬಸ್ ಹತ್ತೋಕಾಗಲ್ಲ ಅಂತ ಆಟೋಗೆ 240, ಗಿಡದಷ್ಟೇ! ಉಳಿದಿದ್ದು 190. ಅದರಲ್ಲಿ ಪಟ್ಟೆ ಪಟ್ಟೆ ಎಲೆಯ ಕ್ಯಾಲಥಿಯಾ ಗಿಡ ಒಂದು ತಗೋ ಅಂತ ನಮ್ಮೆಜಮಾನ್ರು ದಿನಾ ಹೇಳ್ತಿದ್ದಾರೆ. ಗಡಸು ನೀರಿಗೆ ಅದರ ಎಲೆ ಅಂಚು ಕಂದಿ ಹೋಗುತ್ತೆ, ನಮ್ಮನೆಗೆ ಬರೋದು ಬೋರ್‌ವೆಲ್ ನೀರು. ಅದು ಬೇಡ. ಆ 190ಕ್ಕೆ ಇನ್ನೊಂದು ಚೀಲ ಗೊಬ್ಬರ ತರ್ತೀನಿ.