ಬಿಳಿ ಚೌಕವಿಲ್ಲದ ಚಿತ್ರ

ಕೇಳುಗರೆಲ್ಲರಿಗೂ ನಮಸ್ಕಾರ. ಮದುವೆಯ ಕರೆಯೋಲೆ, ಶಾಲೆಯ ಪ್ರಮಾಣಪತ್ರ, ಸ್ವಸಹಾಯ ಸಂಘದ ಉಪ್ಪಿನಕಾಯಿ ಬಾಟಲಿಗೆ ಅಂಟಿಸುವ ಲೇಬಲ್, ಇವುಗಳನ್ನು ಸ್ವತಃ ಕಂಪ್ಯೂಟರಿನಲ್ಲಿ ಸಿದ್ಧಪಡಿಸುವವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಇಂದು ಮಾತನಾಡುತ್ತಿದ್ದೇನೆ. ಹಿನ್ನೆಲೆಯನ್ನು ತೆಗೆದ ಚಿತ್ರವನ್ನು ಯಾವ ರೂಪದಲ್ಲಿ ಉಳಿಸಬೇಕು ಎಂಬುದಷ್ಟೇ ವಿಷಯ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಪಿಎನ್‌ಜಿ ರೂಪದಲ್ಲಿ ಉಳಿಸಿ, ಜೆಪೆಗ್ ರೂಪದಲ್ಲಿ ಉಳಿಸಲೇಬೇಡಿ.

ಕಾರಣ ಸರಳವಾದದ್ದು. ಪರದೆಯ ಮೇಲಿನ ಫೋಟೋ ಲಕ್ಷಾಂತರ ಚುಕ್ಕೆಗಳಿಂದ ಆದದ್ದು. ಪ್ರತಿಯೊಂದು ಚುಕ್ಕೆಯಲ್ಲಿ ಕೆಂಪು, ಹಸಿರು, ನೀಲಿ ಬಣ್ಣಗಳು ಎಷ್ಟೆಷ್ಟು ಎಂಬುದನ್ನು ಮೂರು ಸಂಖ್ಯೆಗಳು ಹೇಳುತ್ತವೆ. ಪಾರದರ್ಶಕತೆಗೆ ನಾಲ್ಕನೆಯದೊಂದು ಸಂಖ್ಯೆ ಬೇಕು, ಅದೇ ಆಲ್ಫಾ. ಆಲ್ಫಾ ಸೊನ್ನೆಯಾದರೆ ಆ ಚುಕ್ಕೆ ಕಾಣುವುದೇ ಇಲ್ಲ, ಅದರ ಹಿಂದಿರುವುದು ಕಾಣುತ್ತದೆ; 255 ಆದರೆ ಚುಕ್ಕೆ ಪೂರ್ತಿಯಾಗಿ ಕಾಣುತ್ತದೆ; ನಡುವಿನ ಸಂಖ್ಯೆಗಳಲ್ಲಿ, ಗಾಜಿನ ಮೇಲೆ ತೆಳುವಾಗಿ ಬಳಿದ ಬಣ್ಣದ ಹಾಗೆ, ಅದೂ ಕಾಣುತ್ತದೆ, ಹಿಂದಿನದೂ ಕಾಣುತ್ತದೆ. 1970ರ ದಶಕದ ಕೊನೆಯಲ್ಲಿ ಅಮೆರಿಕದ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಆಲ್ವಿ ರೇ ಸ್ಮಿತ್ ಮತ್ತು ಎಡ್ ಕ್ಯಾಟ್‌ಮಲ್ ಎಂಬ ಇಬ್ಬರು ಕಂಡುಕೊಂಡ ಈ ಉಪಾಯ ಎಷ್ಟು ಸೊಗಸಾದದ್ದೆಂದರೆ ಇಂದಿಗೂ ಅದನ್ನೇ ಬಳಸುತ್ತಿದ್ದೇವೆ. ಪಿಎನ್‌ಜಿ ಕಡತದಲ್ಲಿ ಈ ನಾಲ್ಕನೆಯ ಸಂಖ್ಯೆಗೆ ಜಾಗವಿದೆ, ಜೆಪೆಗ್ ಕಡತದಲ್ಲಿ ಇಲ್ಲ. ಆದುದರಿಂದ ನೀವು ಖಾಲಿ ಮಾಡಿದ ಜಾಗಕ್ಕೆಲ್ಲ ಯಾವುದಾದರೂ ಒಂದು ಬಣ್ಣವನ್ನು, ಬಹುಮಟ್ಟಿಗೆ ಬಿಳಿಯನ್ನು, ತುಂಬಿಸಿಯೇ ಅದು ಉಳಿಯುತ್ತದೆ.

ತಾಲ್ಲೂಕು ಕೇಂದ್ರವೊಂದರಲ್ಲಿ ಡಿಟಿಪಿ ಅಂಗಡಿ ನಡೆಸುವ ತರುಣನೊಬ್ಬ ಒಮ್ಮೆ ನನ್ನ ಬಳಿಗೆ ಬಂದಿದ್ದ. ಅರಿಸಿನ ಬಣ್ಣದ ಲಗ್ನಪತ್ರಿಕೆ. ಅದರ ತಲೆಯ ಮೇಲೆ, ಚಿತ್ರಕಲಾ ಶಿಕ್ಷಕರಾಗಿ ನಿವೃತ್ತರಾದ ಮದುಮಗಳ ತಾತ ಮಸಿಯಲ್ಲಿ ಬರೆದುಕೊಟ್ಟ ಗಣಪತಿ. ಹುಡುಗ ಅದನ್ನು ಸ್ಕ್ಯಾನ್ ಮಾಡಿ, ಜಿಂಪ್ ತಂತ್ರಾಂಶದಲ್ಲಿ ಕಾಗದದ ಬಿಳುಪನ್ನೆಲ್ಲ ತೆಗೆದು, ಸೊಂಡಿಲ ಸುತ್ತಲಿನ ಕೂದಲೆಳೆಯಂಥ ಗೆರೆಗಳನ್ನು ಒಂದೂ ಕಡಿಯದಂತೆ ಉಳಿಸಿಕೊಂಡಿದ್ದ. ಪಿಎನ್‌ಜಿಯಲ್ಲಿಯೇ ಉಳಿಸಿದ್ದ. ಮುದ್ರಣಾಲಯಕ್ಕೆ ಮೊಬೈಲಿನ ಮೂಲಕ ಕಳುಹಿಸಿದ. ಕರಡು ಪ್ರತಿ ಬಂದಾಗ ಗಣಪತಿ ಬಿಳಿ ಚೌಕದೊಳಗೆ ಕುಳಿತಿದ್ದ. ಮುದ್ರಣಾಲಯದವರು, ‘ನಿಮ್ಮದು ಜೆಪೆಗ್, ಪಿಎನ್‌ಜಿ ಕಳುಹಿಸಿ’ ಎಂದರು. ತಾನು ಕಳುಹಿಸಿದ್ದು ಜೆಪೆಗ್ ಆದದ್ದು ಹೇಗೆಂದು ತಿಳಿಯದ ಹುಡುಗ, ಅವರಿಂದ ಮರಳಿ ಬಂದ ಕಡತದ ಹೆಸರಿನ ಕೊನೆಗಿದ್ದ ಜೆಪಿಜಿ ಎಂಬುದನ್ನು ಅಳಿಸಿ ಪಿಎನ್‌ಜಿ ಎಂದು ಬರೆದು ಪುನಃ ಕಳುಹಿಸಿದ. ಮತ್ತೆ ಅದೇ ಬಿಳಿ ಚೌಕ. ಹೆಸರನ್ನು ಬದಲಿಸಿದ ಮಾತ್ರಕ್ಕೆ ಕಳೆದುಹೋದ ಆಲ್ಫಾ ಮರಳಿ ಬರುವುದಿಲ್ಲ, ದಯವಿಟ್ಟು ಹಾಗೆ ಮಾಡಬೇಡಿ. ಕೊನೆಗೆ ಅಂತರ್ಜಾಲದಿಂದ ಬೇರೊಂದು ಗಣಪತಿಯನ್ನು ಇಳಿಸಿಕೊಂಡರೆ, ಹಿಂದೆ ಕಾಣುತ್ತಿದ್ದ ಬೂದು ಬಿಳಿ ಚೌಕುಳಿಯೂ ಪತ್ರಿಕೆಯ ಮೇಲೆ ಅಚ್ಚಾಗಿ ಬಂತು. ಅದು ಖಾಲಿ ಜಾಗವನ್ನು ತೋರಿಸಲು ತಂತ್ರಾಂಶಗಳು ಬಳಸುವ ಪಾರದರ್ಶಕತೆಯ ಗುರುತಾಗಿರದೆ ಚಿತ್ರದಲ್ಲಿಯೇ ಬೆರೆತುಹೋಗಿದ್ದ ಚೌಕುಳಿಯಾಗಿತ್ತು. ತಾತನವರು, ‘ನನ್ನ ಗಣಪತಿ ಎಲ್ಲಪ್ಪಾ?’ ಎಂದು ಕೇಳಿದರಂತೆ.

ಇಬ್ಬರೂ ಕುಳಿತು ಅವನಲ್ಲಿದ್ದ ಕಡತವನ್ನೂ ಮುದ್ರಣಾಲಯಕ್ಕೆ ತಲುಪಿದ ಕಡತವನ್ನೂ ಅಕ್ಕಪಕ್ಕದಲ್ಲಿ ತೆರೆದು ನೋಡಿದೆವು. ಅವನದರಲ್ಲಿ ಗಣಪತಿಯ ಹಿಂದೆ ಜಿಂಪ್ ತೋರಿಸುವ ಚೌಕುಳಿಯಿತ್ತು, ತಲುಪಿದ್ದರಲ್ಲಿ ಬರೀ ಬಿಳಿ. ಸಂದೇಶದ ಆ್ಯಪ್‌ನಲ್ಲಿ ಫೋಟೋ ಎಂದು ಕಳುಹಿಸಿದಾಗ ಅದು ಗಾತ್ರ ಕುಗ್ಗಿಸಲು ಚಿತ್ರವನ್ನು ಜೆಪೆಗ್ ಮಾಡಿಬಿಟ್ಟಿತ್ತು. ಅದೇ ಕಡತವನ್ನು ‘ಡಾಕ್ಯುಮೆಂಟ್’ ಎಂದು ಲಗತ್ತಿಸಿ ಕಳುಹಿಸಿದೆವು; ಅರಿಸಿನ ಬಣ್ಣದ ಮೇಲೆ ತಾತನ ಗೆರೆಗಳು ಮಾತ್ರ ನಿಂತವು. ನೀವು ಉಳಿಸುವಾಗಲೂ ಪಿಎನ್‌ಜಿ, ಕಳುಹಿಸುವಾಗಲೂ ಪಿಎನ್‌ಜಿ.

ಈ ಪ್ರಸಂಗಕ್ಕೆ ಹೆಚ್ಚು ಸಮಯ ಕೊಟ್ಟೆನಾದ್ದರಿಂದ ಉಳಿದುದನ್ನು ಬೇಗನೆ ಹೇಳುತ್ತೇನೆ. ಜಿಂಪ್‌ನಲ್ಲಿ ಹಿನ್ನೆಲೆಯನ್ನು ಅಳಿಸಿದಾಗ ಚೌಕುಳಿ ಬಾರದೆ ಬಣ್ಣ ತುಂಬಿಕೊಂಡರೆ ಚಿತ್ರದ ಆ ಪದರಕ್ಕೆ, ಅಂದರೆ ಲೇಯರಿಗೆ, ಆಲ್ಫಾ ಇಲ್ಲವೆಂದು ತಿಳಿಯಿರಿ. ಲೇಯರ್ ಮೆನುವಿನಲ್ಲಿ ಟ್ರಾನ್ಸ್‌ಪರೆನ್ಸಿ, ಅದರೊಳಗೆ ಆ್ಯಡ್ ಆಲ್ಫಾ ಚಾನೆಲ್ ಎಂಬುದನ್ನು ಒತ್ತಿ ಮತ್ತೆ ಅಳಿಸಿ. ಫೋಟೋಶಾಪ್‌ನಲ್ಲಿ ಬ್ಯಾಕ್‌ಗ್ರೌಂಡ್ ಎಂಬ ಪದರಕ್ಕೆ ಬೀಗವಿರುತ್ತದೆ. ಅದರ ಮೇಲೆ ಎರಡು ಬಾರಿ ಕ್ಲಿಕ್ಕಿಸಿ ಸಾಮಾನ್ಯ ಪದರವಾಗಿಸಿಕೊಳ್ಳಿ. ಜಿಂಪ್‌ನ ಸೇವ್ ಎಂಬುದು ಅದರದೇ ಎಕ್ಸ್‌ಸಿಎಫ್ ರೂಪದಲ್ಲಿ ಮಾತ್ರ ಉಳಿಸುತ್ತದೆ, ಆದುದರಿಂದ ಎಕ್ಸ್‌ಪೋರ್ಟ್ ಆ್ಯಸ್ ಒತ್ತಿ ಪಿಎನ್‌ಜಿ ಎಂದು ಕೊಡಿ.

1987ರಲ್ಲಿ ಬಂದ ಜಿಫ್ ರೂಪವನ್ನು ಈ ಕೆಲಸಕ್ಕೆ ಬಳಸುವವರು ಇನ್ನೂ ಇದ್ದಾರೆ. ಅದರಲ್ಲಿ 256 ಬಣ್ಣಗಳಷ್ಟೇ. ಒಂದು ಚುಕ್ಕೆ ಪೂರ್ತಿ ಕಾಣಬೇಕು, ಇಲ್ಲವೇ ಕಾಣಲೇಬಾರದು, ಹೀಗಾಗಿ ಅಂಚು ಗರಗಸದ ಹಲ್ಲಿನಂತಾಗುತ್ತದೆ. ಜಿಫ್‌ನ ಪೇಟೆಂಟ್ ತಕರಾರಿನಿಂದ ಬೇಸತ್ತ ತಂತ್ರಜ್ಞರು 1995ರಲ್ಲಿ ರೂಪಿಸಲು ಹೊರಟದ್ದೇ ಪಿಎನ್‌ಜಿ. 1996ರಲ್ಲಿ, ವೆಬ್‌ನ ಮಾನದಂಡಗಳನ್ನು ರೂಪಿಸುವ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಎಂಬ ಸಂಸ್ಥೆ ಅದನ್ನು ಶಿಫಾರಸು ಮಾಡಿತು. ಇಷ್ಟು ಕಾಲದಿಂದ ಕೈಗೆಟಕುವಲ್ಲಿಯೇ ಇರುವಾಗ ಗಾತ್ರ ತುಸು ದೊಡ್ಡದೆಂದು ಅದನ್ನು ದೂರವಿಡುವುದು ನನಗೆ ಒಪ್ಪಿಗೆಯಿಲ್ಲ.

ಮುದ್ರಣಕ್ಕೆ ಕಳುಹಿಸುವ ಮುನ್ನ ಚಿತ್ರದ ಕೆಳಗೆ ಕಡುಗಪ್ಪು ಪದರವೊಂದನ್ನು ಇಟ್ಟು ನೋಡಿ. ಅಂಚಿನಲ್ಲಿ ಉಳಿದ ಬಿಳಿಯ ಚೂರುಗಳು ಆಗ ಕಣ್ಣಿಗೆ ಬೀಳುತ್ತವೆ, ಅವನ್ನು ಅಳಿಸಿ, ಕಪ್ಪು ಪದರವನ್ನು ತೆಗೆದು, ಪಿಎನ್‌ಜಿಯಲ್ಲಿ ಉಳಿಸಿ. ನಮಸ್ಕಾರ.